ಒನ್ಸ್ ಮೋರ್ ಬೇಡವೆಂದ ದಿನ

ಗುಬ್ಬಿಯ ಚಿಕ್ಕಮಾರಯ್ಯನವರು ಹೃದಯಾಘಾತದಿಂದ ಅದೆಷ್ಟು ಸಲ ಸತ್ತಿದ್ದರೋ ಅವರಿಗೇ ನೆನಪಿರಲಿಲ್ಲ. ಆದ್ದರಿಂದಲೇ ಅದು ನಿಜವಾಗಿ ಬಂದ ಬೆಳಿಗ್ಗೆ ಅವರಿಗೆ ಅದರ ಗುರುತು ಹತ್ತಲಿಲ್ಲ.

ಅರವತ್ತು ದಾಟಿದ ಅವರು ಪೌರಾಣಿಕ ನಾಟಕ ಕಲಿಸುವ ಮೇಷ್ಟ್ರು. ಗದೆ ಹಿಡಿದು ಮೆರೆದು ಕೊನೆಯ ಅಂಕದಲ್ಲಿ ನೆಲಕ್ಕುರುಳುವ ಪಾತ್ರಗಳೆಲ್ಲ ಸುತ್ತಲಿನ ಊರುಗಳಲ್ಲಿ ಅವರಿಗೇ ಮೀಸಲು. ಅವರು ಉರುಳಿದೊಡನೆ ಸಭಿಕರು ‘ಒನ್ಸ್ ಮೋರ್’ ಎಂದು ಕೂಗಬೇಕು. ಅವರು ಎದ್ದು, ಕಿರೀಟ ಸರಿಪಡಿಸಿಕೊಂಡು, ಹಾರ್ಮೋನಿಯಂ ಕಡೆಗೊಮ್ಮೆ ಸನ್ನೆ ಮಾಡಿ, ಮೊದಲಿಗಿಂತ ಜೋರಾಗಿ ಮತ್ತೆ ಸಾಯಬೇಕು. ಅದು ಅಲ್ಲಿನ ಪದ್ಧತಿ. ಬೆಳ್ಳಾವಿಯಲ್ಲೊಮ್ಮೆ ಬಿದ್ದ ರಭಸಕ್ಕೆ ಕಾಲು ಉಳುಕಿತ್ತು. ಆದರೂ ಕೂಗು ಕೇಳಿದ್ದೇ ತಡ, ಕುಂಟುತ್ತ ಎದ್ದು ಸತ್ತಿದ್ದರು.

ಇಂಥವರನ್ನು ತುಮಕೂರಿನ ನರ್ಸಿಂಗ್ ಕಾಲೇಜೊಂದರ ಉಪನ್ಯಾಸಕಿ ಅರುಣಾ ಹುಡುಕಿಕೊಂಡು ಬಂದರು. ಹಳ್ಳಿಗಳಿಂದ ಬರುವ ವಿದ್ಯಾರ್ಥಿನಿಯರಿಗೆ ಇಂಗ್ಲಿಷ್ ಪುಸ್ತಕದ ರೋಗಗಳು ತಲೆಗೆ ಹತ್ತುತ್ತಿರಲಿಲ್ಲ. ಕನ್ನಡದಲ್ಲಿ ವಿಡಿಯೋ ಪಾಠ ಮಾಡಬೇಕು, ಅದಕ್ಕೆ ಸಂಕೋಚವಿಲ್ಲದ ರೋಗಿಯೊಬ್ಬರು ಬೇಕು ಎಂಬುದು ಅವರ ಅಗತ್ಯ. ಚಿಕ್ಕಮಾರಯ್ಯನವರಿಗೆ ಸಂಕೋಚವೆಂಬುದು ಯಾವ ಅಂಕದಲ್ಲೂ ಇರಲಿಲ್ಲ. ಬರಿಮೈಯಲ್ಲಿ ಕೂತು ಎದೆಯ ಮೇಲೆ ಸ್ಕೆಚ್ ಪೆನ್ನಿನಿಂದ ಹೃದಯದ ನಾಲ್ಕು ಕೋಣೆಗಳನ್ನು ಬರೆಸಿಕೊಂಡರು, ಬಿ.ಪಿ. ನೋಡಿಸಿಕೊಂಡರು, ಖಾಲಿ ಸಲೈನ್ ಬಾಟಲಿಯ ಕೆಳಗೆ ಗಂಭೀರವಾಗಿ ಮಲಗಿದರು.

ಹೃದಯಾಘಾತದ ಪಾಠ ಬಂದಾಗ ಅರುಣಾ ಲಕ್ಷಣಗಳನ್ನು ಬಿಡಿಸಿ ಹೇಳಿದರು. ಎದೆಯಲ್ಲಿ ಭಾರ, ತಣ್ಣನೆಯ ಬೆವರು, ಕೆಲವರಿಗೆ ದವಡೆಯಲ್ಲೋ ಎಡತೋಳಿನಲ್ಲೋ ನೋವು, ಹೊಟ್ಟೆ ತೊಳಸುವುದು. ಎಷ್ಟೋ ಜನ ಕೂಗುವುದೇ ಇಲ್ಲ, ಸುಮ್ಮನೆ ಕೂತುಬಿಡುತ್ತಾರೆ ಎಂದರು. ಚಿಕ್ಕಮಾರಯ್ಯನವರು ಹಾಗೆಯೇ ಕೂತು ತೋರಿಸಿದರು. ಆಮೇಲೆ ಮೊಬೈಲಿನಲ್ಲಿ ತಮ್ಮನ್ನು ತಾವು ನೋಡಿಕೊಂಡಾಗ ಅವರಿಗೆ ಅವಮಾನವಾಯಿತು.

“ಹಿಂಗ್ ಕೂತ್ರೆ ಇವ್ನಿಗೆ ತೂಕಡಿಕೆ ಬಂತು ಅಂತಾರೆ ಕಣಮ್ಮ ಜನ. ನೋಡೋರ್ಗೂ ಏನಾದ್ರೂ ಬೇಕಲ್ವಾ?”

ಎರಡನೆಯ ಸಲ ಕ್ಯಾಮೆರಾ ತಿರುಗಿದಾಗ ಅವರು ಎದೆಯನ್ನು ಮುಷ್ಟಿಯಲ್ಲಿ ಹಿಂಡಿಕೊಂಡರು, ಛಾವಣಿಗೆ ಕೇಳುವಂತೆ ಅರಚಿದರು, ಒಂದು ಸುತ್ತು ತಿರುಗಿ ಸ್ಟೀಲ್ ಲೋಟಗಳ ಸಮೇತ ಧರೆಗುರುಳಿದರು. ನೋಡುತ್ತಿದ್ದ ವಿದ್ಯಾರ್ಥಿನಿಯರು ಚಪ್ಪಾಳೆ ತಟ್ಟಿದರು. ಅರುಣಾಗೆ ಒಳಗೊಳಗೇ ಅಳುಕು. ಆದರೂ ನೋಡಿಸಿಕೊಂಡು ಹೋಗುವುದು ಎರಡನೆಯದೇ ಎನಿಸಿ, ಮೊದಲನೆಯದನ್ನು ಅಳಿಸಿಹಾಕಿದರು.

ವಿಡಿಯೋ ಜಿಲ್ಲೆಯ ಗಡಿ ದಾಟಿತು. ಗುಬ್ಬಿಯ ಬಸ್ ನಿಲ್ದಾಣದಲ್ಲಿ ಹುಡುಗಿಯರು ಬೆರಳು ತೋರಿಸಿ ‘ಹಾರ್ಟ್ ಅಟ್ಯಾಕ್ ತಾತ’ ಎಂದು ಪಿಸುಗುಟ್ಟತೊಡಗಿದರು. ಮೊಬೈಲಿನಲ್ಲಿ ಒನ್ಸ್ ಮೋರ್‌ಗೆ ಎದ್ದು ನಿಲ್ಲುವ ಶ್ರಮವೂ ಇಲ್ಲ, ಜನರು ಬೆರಳು ಒತ್ತಿದಷ್ಟು ಸಲ ತಾವು ಸಾಯುತ್ತೇವೆ ಎಂದು ಅವರು ಹೆಮ್ಮೆಪಟ್ಟರು. ಕಾಲಕ್ರಮೇಣ ಹೃದಯಾಘಾತವೆಂದರೆ ಹಾಗೆಯೇ ಎಂದು ಎಲ್ಲರಿಗಿಂತ ಗಟ್ಟಿಯಾಗಿ ನಂಬಿದವರೂ ಅವರೇ.

ಕುಣಿಗಲ್ಲಿನ ಕಲ್ಯಾಣ ಮಂಟಪವೊಂದರಲ್ಲಿ ಆರೋಗ್ಯ ಜಾಗೃತಿ ಸಮಾರಂಭವಿತ್ತು. ಅಲ್ಲಿ ಅವರು ಜನರೆದುರಿಗೇ ಬೀಳಬೇಕಿತ್ತು. ಪತ್ನಿ ರಂಗಲಕ್ಷ್ಮಮ್ಮನವರೊಂದಿಗೆ ಕಾಲೇಜಿನ ವ್ಯಾನಿನಲ್ಲಿ ಹೊರಟರು. ಗೂಳೂರು ದಾಟುವಷ್ಟರಲ್ಲಿ ಅವರ ದವಡೆ ಜಗ್ಗತೊಡಗಿತು. ಬೆಳಿಗ್ಗೆ ತಿಂದ ತಟ್ಟೆ ಇಡ್ಲಿ ಗಂಟಲಿಗೇ ಬಂದಂತಾಯಿತು. ಎಡತೋಳು ತಮ್ಮದಲ್ಲವೇನೋ ಎಂಬಷ್ಟು ಭಾರವಾಯಿತು.

ಅವರು ತಮ್ಮದೇ ಪಾಠದ ಪ್ರಕಾರ ತಮ್ಮನ್ನು ಪರೀಕ್ಷಿಸಿಕೊಂಡರು. ಎದೆ ಹಿಂಡಿಕೊಳ್ಳಬೇಕೆನಿಸುತ್ತಿದೆಯೇ? ಇಲ್ಲ. ತಲೆ ಗಿರ್ರನೆ ತಿರುಗುತ್ತಿದೆಯೇ? ಇಲ್ಲ. ಅರಚಬೇಕೆನಿಸುತ್ತಿದೆಯೇ? ಅರಚುವುದಿರಲಿ, ಮಾತೇ ಬೇಡವಾಗಿದೆ. ಹಾಗಾದರೆ ಇದು ಗ್ಯಾಸ್. ಕುಣಿಗಲ್ಲಿನಲ್ಲಿ ಇಳಿದವರೇ ಒಂದು ಸೋಡಾ ಕುಡಿದರು.

ಮಂಟಪದ ಬಾಗಿಲಲ್ಲಿ ಪ್ರದರ್ಶನಕ್ಕೆಂದು ತರಿಸಿದ ಆಂಬುಲೆನ್ಸ್ ಚೆಂಡುಹೂವಿನ ಹಾರ ಹಾಕಿಸಿಕೊಂಡು ನಿಂತಿತ್ತು. ಪರದೆಯ ಹಿಂದೆ ಅವರು ಟವೆಲಿನಿಂದ ಹಣೆ ಒತ್ತಿಕೊಳ್ಳುತ್ತಿದ್ದುದು ಅರುಣಾರ ಕಣ್ಣಿಗೆ ಬಿತ್ತು. ಹಿಂದೆಲ್ಲ ಬೆವರಿಗಾಗಿ ನೀರು ಚಿಮುಕಿಸಬೇಕಾಗುತ್ತಿತ್ತು.

“ಬೆವರು ಚೆನ್ನಾಗಿ ಬಂದಿದೆ ಮೇಷ್ಟ್ರೇ, ಒರೆಸ್ಕೋಬೇಡಿ,” ಎಂದು ಹೇಳಿ ಮೈಕ್ ನೋಡಲು ಹೋದರು.

ಪರದೆ ಸರಿಯಿತು. ಸಭೆ ತುಂಬಿ ತುಳುಕುತ್ತಿರುವುದನ್ನು ಕಂಡು ಅವರ ಕಾಲುಗಳು ಅಭ್ಯಾಸಬಲದಿಂದ ಮುಂದಕ್ಕೆ ನಡೆದವು. ಮುಷ್ಟಿ ಎದೆಗೇರಿತು, ಅರಚಾಟ ಅರ್ಧಕ್ಕೇ ನಿಂತಿತು, ದೇಹ ಉರುಳಿತು. ಚಪ್ಪಾಳೆಯ ಅಬ್ಬರದ ನಡುವೆ ಹಿಂದಿನ ಸಾಲಿನಿಂದ ಆ ಪರಿಚಿತ ಕೂಗು ಎದ್ದಿತು. ಒನ್ಸ್ ಮೋರ್.

ಅವರು ಮೊಣಕೈ ಊರಿದರು. ಮೇಲೆ ತಿರುಗುತ್ತಿದ್ದ ಫ್ಯಾನು ತೀರಾ ಕೆಳಗಿಳಿದಂತೆ ಕಂಡಿತು. ಅಂಗಿಗೆ ಸಿಕ್ಕಿಸಿದ್ದ ಮೈಕಿನಲ್ಲಿ ಅವರ ದನಿ ಮೆಲ್ಲಗೆ ಕೇಳಿಸಿತು.

“ಇವತ್ತು ಬೇಡ.”

ಸಭೆ ಗೊಳ್ಳೆಂದು ನಕ್ಕಿತು. ಹೊಸ ತಮಾಷೆಯೆಂದುಕೊಂಡು ಅರುಣಾ ಕೂಡ ನಕ್ಕರು. ಸ್ಟ್ರೆಚರ್ ಹಿಡಿದಿದ್ದ ವಿದ್ಯಾರ್ಥಿನಿಯರು ಮೇಷ್ಟ್ರು ಮತ್ತೆ ಏಳಲೆಂದು ಕಾದು ನಿಂತರು. ಅವರು ಕಲಿತ ಪಾಠದಲ್ಲಿ ರೋಗಿ ಹೀಗೆ ಸುಮ್ಮನಿರುತ್ತಿರಲಿಲ್ಲ. ಇಷ್ಟು ಸಪ್ಪೆಯಾಗಿ ಯಾರಾದರೂ ಸಾಯುತ್ತಾರೆಯೇ ಎಂಬ ಅನುಮಾನ ಅಂಗಾತ ಮಲಗಿದ್ದ ಚಿಕ್ಕಮಾರಯ್ಯನವರಿಗೂ ಮೂಡಿತು.

ಮುಂದಿನ ಸಾಲಿನಿಂದ ರಂಗಲಕ್ಷ್ಮಮ್ಮ ಎದ್ದು ನೇರ ವೇದಿಕೆ ಹತ್ತಿದರು.

“ಅರುಣಮ್ಮ, ನಗಾಡ್ಬೇಡಿ. ಇವ್ರು ಒನ್ಸ್ ಮೋರ್ ಬೇಡ ಅಂದವ್ರೆ.”

ಅರುಣಾಗೆ ಅರ್ಥವಾಗಲಿಲ್ಲ.

“ಬೆಳ್ಳಾವೀಲಿ ಕಾಲು ಉಳುಕಿದ್ರೂ ಎದ್ದು ಸತ್ತೋರು ಕಣಮ್ಮ ಇವ್ರು. ಜನ ಕೂಗ್ತಿರೋವಾಗ ಬೇಡ ಅನ್ನೋ ಜೀವ ಅಲ್ಲ ಇದು. ಮೊದ್ಲು ಕೈ ಮುಟ್ಟಿ ನೋಡಿ.”

ಅರುಣಾ ಮಣಿಕಟ್ಟು ಹಿಡಿದರು. ತಣ್ಣಗಿತ್ತು. ಮುಖದ ನಗೆ ಅಲ್ಲಿಗೇ ಆರಿತು. ತಾವೇ ಅಳಿಸಿಹಾಕಿದ ಆ ಮೊದಲನೆಯ ವಿಡಿಯೋ ಈಗ ಕಣ್ಣೆದುರಿಗೆ ಮಲಗಿತ್ತು. ಅವರು ವಿದ್ಯಾರ್ಥಿನಿಯರಿಗೆ ಎತ್ತುವಂತೆ ಸನ್ನೆ ಮಾಡಿದರು. ಆಂಬುಲೆನ್ಸ್ ಹಾರದ ಸಮೇತ ತುಮಕೂರಿನತ್ತ ಹೊರಟಿತು. ಸೈರನ್ ಕೇಳಿದ ಸಭೆ, ಏರ್ಪಾಡು ಬಲು ಅಚ್ಚುಕಟ್ಟು ಎಂದು ಇನ್ನೊಮ್ಮೆ ಚಪ್ಪಾಳೆ ತಟ್ಟಿತು. ಅದು ಒಳಗಿದ್ದ ಚಿಕ್ಕಮಾರಯ್ಯನವರ ಕಿವಿಗೂ ಬಿತ್ತು. ಆ ಸಂಕಟದಲ್ಲೂ ಕೊಂಚ ಹಿತವಾಯಿತು.

ಕಟ್ಟಿಕೊಂಡಿದ್ದ ರಕ್ತನಾಳವನ್ನು ವೈದ್ಯರು ಹೊತ್ತು ಮೀರುವ ಮೊದಲೇ ತೆರೆದರು. ಮೇಷ್ಟ್ರು ಚೇತರಿಸಿಕೊಂಡ ಮೇಲೆ ಅರುಣಾ ಗುಬ್ಬಿಯ ಮನೆಗೇ ಕ್ಯಾಮೆರಾ ತಂದು, ತಪ್ಪು ತಿದ್ದೋಣ ಎಂದು ಕೇಳಿಕೊಂಡರು. ಚಿಕ್ಕಮಾರಯ್ಯನವರು ಮಂಚದ ಮೇಲೆ ಕೂತು ದವಡೆ ಸವರಿಕೊಂಡರು, ಹಣೆ ಒರೆಸಿಕೊಂಡರು, ಏನೋ ಸುಸ್ತು ಎಂದರು, ಸುಮ್ಮನಾದರು. ಅದರಲ್ಲಿ ನಟನೆ ಎಳ್ಳಷ್ಟೂ ಇರಲಿಲ್ಲ. ಪಾಠ ಮೊಬೈಲುಗಳಿಗೆ ಹೋಯಿತು.

ಕೆಲವು ದಿನಗಳ ಮೇಲೆ ಜಗುಲಿಯಲ್ಲಿ ಕೂತು ಅವರು ಕಾಮೆಂಟುಗಳನ್ನು ನೋಡಿದರು. ನೋಡಿದವರೇ ಕಡಿಮೆ. ತಾತ ಬರೀ ಕೂತವ್ರೆ, ಅಟ್ಯಾಕ್ ಎಲ್ಲಿ ಎಂದು ಒಬ್ಬರು ಕೇಳಿದ್ದರು. ಹಳೆಯ ವಿಡಿಯೋದಲ್ಲೇ ಆಕ್ಟಿಂಗ್ ನ್ಯಾಚುರಲ್ ಆಗಿತ್ತು ಎಂದು ಇನ್ನೊಬ್ಬರು ಬರೆದಿದ್ದರು. ಹೃದಯಕ್ಕೆ ಸ್ಟೆಂಟ್ ಹಾಕಿದ್ದನ್ನು ಸಹಿಸಿಕೊಂಡಿದ್ದ ಅವರಿಗೆ ಈ ಮಾತು ಸಹಿಸಲಾಗಲಿಲ್ಲ.

“ಅರುಣಮ್ಮಂಗೆ ಒಂದ್ ಫೋನ್ ಹಾಕೇ. ಬೀಳೋದು ಬೇಡ ಬುಡು, ಮಂಡಿ ಒಂಚೂರು ಬಗ್ಗಿಸಿ ಇನ್ನೊಂದ್ಸಲ ತೆಗೆದ್ರೆ...”

“ಬಗ್ಸಿ ನೋಡಿ, ಆಮೇಲೈತೆ ನಿಮ್ಗೆ,” ಎನ್ನುತ್ತ ರಂಗಲಕ್ಷ್ಮಮ್ಮ ಮೊಬೈಲು ಕಿತ್ತುಕೊಂಡರು.

ಚಿಕ್ಕಮಾರಯ್ಯನವರು ಮುನಿಸಿಕೊಂಡು ಸುಮ್ಮನೆ ಕೂತರು. ಆ ಮೌನ ಕೊಂಚ ಉದ್ದವಾಯಿತು. ಒಳಗೆ ಹೋಗುತ್ತಿದ್ದ ರಂಗಲಕ್ಷ್ಮಮ್ಮ ತಟ್ಟನೆ ತಿರುಗಿ ಬಂದು ಗಂಡನ ಕೈ ಮುಟ್ಟಿ ನೋಡಿದರು. ಬೆಚ್ಚಗಿತ್ತು. ಆಮೇಲೆಯೇ ಅವರು ಬೈಯಲು ಶುರುಮಾಡಿದ್ದು.