ಗೇಮ್ ಮೂಲೆಯಲ್ಲಿ ಕೋಲಾಟ

ಶಿರಾದ ನಮ್ಮ ಟಿವಿ ಅಂಗಡಿಯಲ್ಲಿ ಗೇಮ್ ಮೂಲೆ ತೆರೆಸಿದವಳು ನಾನು, ಸುನಿತಾ. ಅಲ್ಲಿ ಟಿವಿಗೆ ಜೋಡಿಸಿ ಆಡುವ ಎಂಟು ಗೇಮ್ ಕನ್ಸೋಲ್ ಮಾರಾಟವಾಗದೆ ಕೂತಿದ್ದವು. ಶನಿವಾರ ಸಂಜೆಯೊಳಗೆ ಹೋಗದಿದ್ದರೆ ಆ ಜಾಗದಲ್ಲಿ ವಾಷಿಂಗ್ ಮಷಿನ್ ಇಡುತ್ತೇನೆ, ನೀನೂ ಬೇರೆ ಕೆಲಸ ನೋಡಿಕೋ ಎಂದು ಮಾಲೀಕ ರಂಗರಾಜು ಹೇಳಿಬಿಟ್ಟಿದ್ದರು.

ನನಗೆ ಮೈ ಉರಿದದ್ದು ಅವರ ಮೇಲಲ್ಲ, ಊರಿನ ಹುಡುಗ ಪ್ರಸನ್ನ ಕುಮಾರ್ ಮತ್ತು ಅವನ ಪಟಾಲಂ ಮೇಲೆ. ಮೊದಲ ವಾರವೇ ಆ ಐದು ಜನ ಐದು ಕನ್ಸೋಲ್ ಕೊಂಡು ಒಯ್ದರು, ನಿಜ. ನಾನು ಹಿಗ್ಗಿ ಇನ್ನೆಂಟು ತರಿಸಿದೆ. ನೋಡಿದರೆ ಕೊಳ್ಳುವ ಆರನೆಯವನೇ ಊರಲ್ಲಿಲ್ಲ! ಈ ಐವರು ಮಾತ್ರ ದಿನಾ ಬಂದು ಡೆಮೊ ಟಿವಿ ಮುಂದೆ ಬೀಡು ಬಿಡುತ್ತಿದ್ದರು. ಹೆಂಗಸರು ಹತ್ತಿರ ಬಂದರೆ, "ಇದು ನಿಮ್ಗಲ್ಲ ಆಂಟಿ, ಕಷ್ಟ" ಎನ್ನುವರು. ನಾನೂ ಪೆದ್ದಿಯಂತೆ ಹೌದೆನ್ನುತ್ತಿದ್ದೆ.

ಶನಿವಾರ ಮಧ್ಯಾಹ್ನ ಬುಕ್ಕಾಪಟ್ಟಣದ ನಾಗಕ್ಕ, ಮಗಳು ಗಂಗಾಲಕ್ಷ್ಮಿಯ ಹೊಸ ಮನೆಗೆ ಟಿವಿ ಕೊಳ್ಳಲು ಅವಳ ಜೊತೆ ಬಂದರು. ಪರದೆಯ ಮೇಲೆ ಹಾಡಿನ ತಾಳಕ್ಕೆ ಬಣ್ಣದ ಚೌಕಗಳು ತೇಲಿ ಬರುತ್ತಿದ್ದವು. ಪ್ರಸನ್ನ ಎರಡು ಕೈಯಲ್ಲೂ ಕೋಲಿನಂಥ ಒಂದೊಂದು ಕಂಟ್ರೋಲರ್ ಹಿಡಿದು, ಬೀಸಿ ಬೀಸಿ ಆ ಚೌಕಗಳನ್ನು ಒಡೆಯುತ್ತಿದ್ದ.

"ಲೇ, ಕೋಲಾಟ ಇಂಗೇನ್ಲಾ ಆಡೋದು? ತಾಳ ತಪ್ತಾ ಐತೆ. ತತ್ತಾ ಇಲ್ಲಿ," ಎಂದರು ನಾಗಕ್ಕ.

"ಇದು ನಿಮ್ಗಲ್ಲ ಆಂಟಿ..."

ಈ ಸಲ ನಾನೇ ಅವನ ಕೈಯಿಂದ ಕಿತ್ತು ಕೊಟ್ಟೆ.

ನಾಗಕ್ಕ ಸೆರಗು ಸಿಕ್ಕಿಸಿದರು. ಹಾಡು ಶುರುವಾಗಿದ್ದೇ ತಡ, ಎರಡೂ ಕಂಟ್ರೋಲರನ್ನು ಒಂದಕ್ಕೊಂದು ಟಪ್ಪೆಂದು ಬಡಿದರು! ನಾನು ಓಡಿ ಹೋಗಿ ಕೈ ಅಡ್ಡ ಹಿಡಿದೆ.

"ಅಕ್ಕಾ, ಬಡೀಬ್ಯಾಡಿ! ಗಾಳೀಲಿ ಬೀಸಿ ಸಾಕು."

"ಬಡೀದೇ ಇರೋ ಕೋಲಾಟ ಎಂಥದಮ್ಮಾ? ಆಗ್ಲಿ ಬುಡು."

ಆಮೇಲೆ ಒಂದು ಚೌಕವೂ ತಪ್ಪಲಿಲ್ಲ. ಕಾಲು ಹೆಜ್ಜೆ ಹಾಕುತ್ತಿತ್ತು, ಕೈ ತಾಳ ಬಿಡಲಿಲ್ಲ. ಅಂಗಡಿಯಲ್ಲಿದ್ದವರೆಲ್ಲ ಸುತ್ತ ನೆರೆದರು. ಹಾಡು ಮುಗಿದಾಗ ಪ್ರಸನ್ನನ ಮೂರು ವಾರದ ದಾಖಲೆ ಮಣ್ಣುಪಾಲಾಗಿತ್ತು, ಅವನು ಇಂಗು ತಿಂದ ಮಂಗನಂತೆ ನಿಂತಿದ್ದ. ನನಗಂತೂ ಕುಣಿಯುವಷ್ಟು ಖುಷಿ.

ನಾಗಕ್ಕ, ಮಿಕ್ಸಿ ಕೊಳ್ಳಲು ಬಂದಿದ್ದ ಚಿಕ್ಕಲಕ್ಷ್ಮಮ್ಮನನ್ನೂ ಎಳೆದು ತಂದರು. ಆಕೆ ಅರ್ಧಕ್ಕರ್ಧ ತಪ್ಪಿದರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, "ಇನ್ನೊಂದ್ಸಲ ಹಾಕಮ್ಮ" ಎಂದರು. ಸೋತು ನಗುವವರನ್ನು ಆ ಮೂಲೆಯಲ್ಲಿ ನಾನು ಕಂಡದ್ದು ಅದೇ ಮೊದಲು. ಈ ಆಟ ಯಾರಿಗೆ ಮಾರಬೇಕು ಎನ್ನುವುದು ನನ್ನ ಮಂದ ತಲೆಗೆ ಆಗ ಹೊಳೆಯಿತು.

ಗಂಗಾಲಕ್ಷ್ಮಿ ಟಿವಿಯ ಜೊತೆ ಒಂದು ಕನ್ಸೋಲ್ ತೆಗೆದುಕೊಂಡಳು. ಚಿಕ್ಕಲಕ್ಷ್ಮಮ್ಮ ಮಿಕ್ಸಿ ಬಿಟ್ಟು ಇನ್ನೊಂದು ಕನ್ಸೋಲ್ ಕೊಂಡರು, ತಂಗಿಗೆ ಫೋನ್ ಮಾಡಿ ಅವಳನ್ನೂ ಕರೆಸಿದರು. ಹೀಗೆ ಒಬ್ಬರಿಂದೊಬ್ಬರಿಗೆ ಸುದ್ದಿ ಹಬ್ಬಿ, ಐದು ಗಂಟೆಗೆ ಎಂಟನೆಯದೂ ಹೋಯಿತು.

ಆರಕ್ಕೆ ರಂಗರಾಜು ವಾಷಿಂಗ್ ಮಷಿನ್ ಹೊರಿಸಿಕೊಂಡು ಬಂದರೆ, ಸರದಿಗೆ ಕಾದಿದ್ದ ಹೆಂಗಸರ ಗುಂಪು ದಾಟಿ ಒಳಗೆ ಬರಲಾಗಲಿಲ್ಲ. ಬಾಗಿಲಿಂದಲೇ ಕೂಗಿದರು.

"ಸುನಿತಾ, ಡಬ್ಬಗಳೆಲ್ಲ ಎಲ್ಲಮ್ಮಾ?"

"ಮಾರ್ಬುಟ್ಟೆ ಸಾರ್. ಸೋಮವಾರಕ್ಕೆ ಇನ್ನೂ ಮೂವತ್ತು ತರಿಸ್ಬೇಕು. ಆ ಮಷಿನ್ ಗೋಡೌನಿಗೆ ಹಾಕ್ಸಿ. ಈ ಜಾಗ ನಂದು."