ಫ್ಲಿಂಟ್ ತಂದ ಹಕ್ಕಿ

ಬುಧವಾರ ಬೆಳಗ್ಗೆ ಗಂಡು ಸೆಳೆವ ಹಕ್ಕಿ ಎಂದಿನಂತೆ ಬೇಟೆ ಹಿಡಿದು ಬಂತು. ಹೆಣ್ಣು ಮೇಲೇಳಲಿಲ್ಲ.

ಎನಿಡ್ ಡೌಸನ್ ಆಗ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಅವಳ ಹಿತ್ತಿಲ ಕಲ್ಲುಗೋಡೆ ದಾಟಿದರೆ ರೇವನ್‌ಗಿಲ್ ಬೋರೆ. ಹೆದರ್ ಪೊದೆಗಳು, ನಡುನಡುವೆ ಕರಿಜೌಗು, ಅದರ ಮೇಲೆ ಅರಳೆಹುಲ್ಲಿನ ಬಿಳಿ ಕುಚ್ಚು. ಏಪ್ರಿಲ್‌ನಿಂದ ಅವಳ ಬೆಳಗು ಶುರುವಾಗುತ್ತಿದ್ದದ್ದೇ ಹದ್ದಿನ ಜಾತಿಯ ಆ ಸೆಳೆವದ ಜೋಡಿಯನ್ನು ನೋಡಿ. ಬೂದಿಬಣ್ಣದ ಗಂಡು ಹುಲ್ಲಿಲಿಯನ್ನು ಕಾಲಲ್ಲಿ ಹಿಡಿದು, ಹೆದರ್ ತಾಗುವಷ್ಟು ತಗ್ಗಿನಲ್ಲಿ ತೇಲಿ ಬಂದು ಕೂಗುತ್ತಿತ್ತು. ಕಂದು ಹೆಣ್ಣು ಗೂಡಿನಿಂದೆದ್ದು ಅದರ ಅಡಿಗೆ ಹಾರಿ, ಗಾಳಿಯಲ್ಲೇ ಅಂಗಾತವಾಗಿ, ಮೇಲಿಂದ ಬೀಳುವ ಇಲಿಯನ್ನು ಹಿಡಿಯುತ್ತಿತ್ತು. ಒಮ್ಮೆಯೂ ಹಿಡಿತ ತಪ್ಪಿದ್ದನ್ನು ಎನಿಡ್ ಕಂಡಿರಲಿಲ್ಲ.

ಅಂದು ಗಂಡು ಸುತ್ತಿತು, ಕೂಗಿತು, ಮತ್ತೆ ಸುತ್ತಿತು. ಕೊನೆಗೆ ಇಲಿಯನ್ನು ಗೂಡಿದ್ದ ಪೊದೆಯೊಳಕ್ಕೆ ಹಾಕಿ ಹೊರಟುಹೋಯಿತು. ಮಧ್ಯಾಹ್ನವೂ ಹಾಗೆಯೇ ಆಯಿತು. ಮರಿಗಳಿನ್ನೂ ಚಿಕ್ಕವು. ಗಂಡು ತಂದು ಹಾಕುತ್ತದೆಯೇ ಹೊರತು ಸೀಳಿ ತಿನ್ನಿಸಲು ಅದಕ್ಕೆ ಬರುವುದಿಲ್ಲ. ಅದು ಹೆಣ್ಣಿನ ಕೆಲಸ.

ಹಿಂದಿನ ಸಂಜೆ, ತಾನು ಸಾಕಿ ಪಳಗಿಸುವ ಬೇಟೆನಾಯಿಗಳಿಗೆ ಊಟ ಹಾಕುವಾಗ ಗೋಡೆಯಾಚೆ ಒಂದು ಕೋವಿಯ ಸದ್ದು ಕೇಳಿತ್ತು. ಬೋರೆಯಲ್ಲಿ ಅದೇನು ಹೊಸದಲ್ಲ; ಎಸ್ಟೇಟಿನ ಗಾವಲುಗಾರರು ಕಾಗೆ, ನರಿ ಹೊಡೆಯುತ್ತಲೇ ಇರುತ್ತಾರೆ. ಎನಿಡ್ ಆಗ ತಲೆ ಎತ್ತಿಯೂ ನೋಡಿರಲಿಲ್ಲ.

ಗುರುವಾರ ಹಿರೇ ಗಾವಲುಗಾರ ವಿಲ್ಫ್ ಮೆಡ್ ತನ್ನ ನಾಯಿ ಫ್ಲಿಂಟ್‌ನನ್ನು ಕರೆದುಕೊಂಡು ಬಂದ. ಶನಿವಾರ ಊರಿನ ಬೇಸಿಗೆ ಕೂಟ. ಅಲ್ಲಿ ಎನಿಡ್ ಬೇಟೆನಾಯಿಯ ಆಟ ತೋರಿಸುವುದು, ವಿಲ್ಫ್ ಮೈಕು ಹಿಡಿಯುವುದು ಪ್ರತಿವರ್ಷದ ಪದ್ಧತಿ. ಫ್ಲಿಂಟ್ ಅವಳ ಕೈಯಲ್ಲೇ ಹುಟ್ಟಿ, ಅವಳ ಕೈಯಲ್ಲೇ ಕಲಿತ ಕಪ್ಪು ಲ್ಯಾಬ್ರಡಾರ್. ವಿಲ್ಫ್ ಅವಳ ಗಂಡ ಜಾರ್ಜ್‌ನ ಹಳೆಯ ಗೆಳೆಯ; ಅವನ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು. ಜಾರ್ಜ್ ಸತ್ತ ಮೇಲೂ ಎಸ್ಟೇಟಿನ ಈ ಮನೆ ಎನಿಡ್‌ಗೆ ಉಳಿದದ್ದು ವಿಲ್ಫ್ ಹೇಳಿದ ಒಂದು ಮಾತಿನಿಂದ. ಅದನ್ನು ಅವಳೂ ಮರೆತಿರಲಿಲ್ಲ, ಅವನೂ ಮರೆಯಗೊಟ್ಟಿರಲಿಲ್ಲ.

"ವಿಲ್ಫ್, ಆ ಹೆಣ್ಣು ಹಕ್ಕಿ ಕಾಣ್ತಿಲ್ಲ."

"ಯಾವ ಹೆಣ್ಣು ಹಕ್ಕಿ?"

"ನನ್ನತ್ರ ನಾಟಕ ಬೇಡ."

"ಓ, ಅದಾ? ಹಾರಿಹೋಗಿರ್ಬೇಕು ಬಿಡು ಮಾರಾಯ್ತಿ. ಹಕ್ಕಿ ಅಂದ್ಮೇಲೆ ಹಾರ್ದೆ ಹೊಲ ಉಳುತ್ತಾ?"

"ಮರಿಗಳನ್ನ ಬಿಟ್ಟು?"

"ನನ್ನವಳು ನನ್ನ ಬಿಟ್ಟು ಹಾರಿಹೋಗ್ಲಿಲ್ವಾ? ನಾನೇನು ಪೊಲೀಸ್ ಕರೆಸಿದ್ನಾ?" ವಿಲ್ಫ್ ತನ್ನ ಮಾತಿಗೆ ತಾನೇ ನಕ್ಕ.

ಹಾರಿಹೋಯಿತು. ಆ ಕಣಿವೆಯಲ್ಲಿ ಎಲ್ಲರ ಬಾಯಲ್ಲೂ ಅದೇ ಪದ. ಹೋದ ವರ್ಷದ ಜೋಡಿಯೂ ಹಾರಿಹೋಗಿತ್ತು, ಅದರ ಹಿಂದಿನ ವರ್ಷದ್ದೂ. ಆಗಸ್ಟ್‌ನಲ್ಲಿ ದೊಡ್ಡವರು ಕೋವಿ ಹಿಡಿದು ಬರುವ ಹೊತ್ತಿಗೆ ಬೋರೆ ತುಂಬ ಗ್ರೌಸ್ ಕೋಳಿ ಇರಬೇಕು, ಅದಕ್ಕಾಗಿಯೇ ವಿಲ್ಫ್‌ಗೆ ಸಂಬಳ. ಸೆಳೆವಗಳು ಗ್ರೌಸ್ ಮರಿ ತಿನ್ನುತ್ತವೆ ಎಂಬುದು ಸುಳ್ಳಲ್ಲ. ಸೆಳೆವವನ್ನು ಕೊಲ್ಲುವುದು ಅಪರಾಧ ಎಂಬುದೂ ಸುಳ್ಳಲ್ಲ. ಈ ಎರಡು ನಿಜಗಳ ನಡುವೆ ಊರು 'ಹಾರಿಹೋಯಿತು' ಎಂಬ ಮೂರನೆಯದನ್ನು ಕಟ್ಟಿ ನೆಮ್ಮದಿಯಾಗಿತ್ತು.

ಆಟದ ತಾಲೀಮು ಸರಿಯಾಗಿಯೇ ನಡೆಯಿತು. ಬಿದ್ದ ಹಕ್ಕಿಯನ್ನು ನಾಯಿ ಹಲ್ಲು ಊರದೆ ತರಬೇಕು. ಎದುರು ಕೂತು, ಬಾಯಲ್ಲೇ ಹಿಡಿದು ಕಾಯಬೇಕು. ಅಪ್ಪಣೆಯಾದ ಮೇಲೆ ಕೈಗೆ ಬಿಡಬೇಕು. ಆ ಅಪ್ಪಣೆಗೆ ಬೇರೆಯವರು 'ಕೊಡು' ಎನ್ನುವುದುಂಟು. ಡೌಸನ್ ಮನೆಯಲ್ಲಿ ಜಾರ್ಜ್‌ನ ಅಪ್ಪನ ಕಾಲದಿಂದ ಬಂದ ಪದ 'ಸತ್ತಿದೆ'. ಅದೊಂದು ಪದ ಕಿವಿಗೆ ಬೀಳುವ ತನಕ ಅವರ ನಾಯಿ ಬಾಯಿ ಸಡಿಲಿಸುವುದಿಲ್ಲ.

ಆದರೆ ಎರಡು ಸಲ ಫ್ಲಿಂಟ್ ಹಕ್ಕಿಯ ಬದಲಿಗೆ ಎಸೆದ ಕ್ಯಾನ್ವಾಸ್ ಚೀಲದ ದಾರಿ ಬಿಟ್ಟು ಬೋರೆಯ ಗೋಡೆಯತ್ತ ಎಳೆದ. ಮೂಗು ಮೇಲೆತ್ತಿ ನಿಂತ. ಎರಡು ಸಲವೂ ವಿಲ್ಫ್ ಬೇಕಾದ್ದಕ್ಕಿಂತ ಜೋರಾಗಿ ಸೀಟಿ ಊದಿದ.

"ಏನಿದೆ ಅಲ್ಲಿ?" ಎಂದಳು ಎನಿಡ್.

"ಮೊಲ."

ಫ್ಲಿಂಟ್ ಹುಟ್ಟಿದಾಗಿನಿಂದ ಮೊಲಕ್ಕೆ ತಲೆ ತಿರುಗಿಸಿದವನಲ್ಲ. ಕಲಿಸಿದವಳ ಮುಂದೆಯೇ ಈ ಮಾತು ಹೇಳಿದನಲ್ಲ ಎಂದು ಎನಿಡ್‌ಗೆ ಮೈ ಉರಿಯಿತು.

ಶುಕ್ರವಾರ ಅವಳು ಪಟ್ಟಣದ ಪೊಲೀಸ್ ಠಾಣೆಗೆ ಫೋನ್ ಮಾಡಿದಳು. ವನ್ಯಜೀವಿ ವಿಷಯ ನೋಡಿಕೊಳ್ಳುವ ಪೇದೆ ಹೆಣ್ಣುಮಗಳು, ಮೆತ್ತನೆಯ ದನಿ.

"ಹೆಣ ಸಿಕ್ಕಿದ್ಯಾ ಮೇಡಂ?"

"ಇಲ್ಲ."

"ಹೊಡೆದಿದ್ದನ್ನ ಯಾರಾದ್ರೂ ನೋಡಿದ್ದಾರಾ?"

"ಇಲ್ಲಮ್ಮ. ಸದ್ದು ಕೇಳಿದೀನಿ."

"ಹಾಗಾದ್ರೆ ಕಷ್ಟ. ಅದು ಬೇರೆ ಕಡೆಗೆ ಹಾರಿಹೋಗಿರ್ಲೂಬಹುದಲ್ವಾ?"

ಎನಿಡ್ ಫೋನನ್ನು ಮುರಿಯುವಷ್ಟು ಜೋರಾಗಿ ಇಟ್ಟಳು. ಈ ಬೋರೆಯನ್ನು ಎಂದೂ ಹತ್ತದ ಹುಡುಗಿಯ ಬಾಯಿಗೂ ಆ ಪದ ಹೋಗಿ ಕೂತಿತ್ತಲ್ಲ! ತಾನೇ ಹೋಗಿ ಗೂಡು ನೋಡೋಣವೆಂದರೆ ಅದೂ ಆಗದು. ಸೆಳೆವದ ಗೂಡಿನ ಹತ್ತಿರ ಸರ್ಕಾರದ ಅಪ್ಪಣೆಯಿಲ್ಲದೆ ಸುಳಿಯುವುದು ಅಪರಾಧ. ತಾಯಿಯನ್ನು ಕೊಂದವನು ಆರಾಮಾಗಿ ಓಡಾಡಿಕೊಂಡಿರಬಹುದು. ಮರಿ ಬದುಕಿದೆಯೇ ಎಂದು ಇಣುಕಿದವಳ ಮೇಲೆ ಕೇಸು ಬೀಳಬಹುದು. ಅಂದು ಸಂಜೆಯೂ ಗಂಡು ಇಲಿ ಹಿಡಿದು ಬಂದು ಕೂಗಿತು.

ಶನಿವಾರ ಬಿಸಿಲಿತ್ತು. ಎನಿಡ್ ಮನೆಯ ಪಕ್ಕದ ಹುಲ್ಲುಗಾವಲಿನಲ್ಲೇ ಕೂಟ. ಚಹಾ ಡೇರೆಯಲ್ಲಿ ಹಿಲ್ಡಾ ಪೆಚ್ ಸ್ಕೋನ್ ಬನ್ನು ಹಂಚುತ್ತಿದ್ದಳು. ಎನಿಡ್‌ಗೆ ಶಾಲೆಯಿಂದಲೂ ಗೆಳತಿ, ಈಗ ಪಕ್ಕದ ಕುರಿದೊಡ್ಡಿಯವಳು. ಯಾರ ರೂಬಾರ್ಬ್ ದಂಟು ಉದ್ದ ಎಂದು ಇಬ್ಬರು ಮುದುಕರು ಜಗಳಕ್ಕೆ ಬಿದ್ದಿದ್ದರು. ಎಸ್ಟೇಟಿನ ಒಡತಿ ಮಿಸೆಸ್ ಥಾರ್ನ್ ಮುಂದಿನ ಸಾಲಿನಲ್ಲಿ ಅಗಲ ಟೋಪಿ ಹಾಕಿ ಕೂತಿದ್ದರು.

"ನೋಡಿ, ನೋಡಿ, ನಮ್ಮ ಫ್ಲಿಂಟ್!" ವಿಲ್ಫ್‌ನ ದನಿ ಧ್ವನಿವರ್ಧಕದಲ್ಲಿ ಬೋರೆಯ ತನಕ ಹೋಯಿತು. "ನಮ್ಮೂರ ಗಂಡಸರಲ್ಲಿ ಅರ್ಧಕ್ಕರ್ಧ ಹೇಳಿದ್ದನ್ನ ಮರೀತಾರೆ. ಇವನು ಮರೆಯೋನಲ್ಲ. ಬಿದ್ದ ಹಕ್ಕೀನ ಬಿಟ್ಟು ಬರೋದು ಇವನ ಜಾಯಮಾನದಲ್ಲೇ ಇಲ್ಲ!"

ಎನಿಡ್ ಕ್ಯಾನ್ವಾಸ್ ಚೀಲವನ್ನು ಜೊಂಡಿನತ್ತ ಎಸೆದು ಫ್ಲಿಂಟ್‌ನನ್ನು ಬಿಟ್ಟಳು. ಅವನು ನೆಟ್ಟಗೆ ಓಡಿದ. ಬೋರೆಯಿಂದ ಗಾಳಿ ಇಳಿಯಿತು. ಫ್ಲಿಂಟ್ ಗಕ್ಕನೆ ನಿಂತು ಗೋಡೆಯತ್ತ ಮೂಗು ತಿರುಗಿಸಿದ.

ಇಂಥ ಹೊತ್ತಿನಲ್ಲಿ ಸೀಟಿ ಊದಿ ನಾಯಿಯನ್ನು ದಾರಿಗೆ ತರಬೇಕು. ಸೀಟಿ ಎನಿಡ್‌ಳ ಕುತ್ತಿಗೆಯಲ್ಲೇ ಇತ್ತು. ತುಟಿಯವರೆಗೂ ತಂದಳು. ಗಂಡು ಹಕ್ಕಿ ಸುತ್ತಿ ಸುತ್ತಿ ಕೂಗಿದ್ದು ನೆನಪಾಯಿತು. ಸೀಟಿಯನ್ನು ಕೆಳಗೆ ಬಿಟ್ಟಳು.

ಫ್ಲಿಂಟ್ ಗೋಡೆ ಹಾರಿದ.

"ವಾಪಸ್ ಕರಿ," ಎಂದ ವಿಲ್ಫ್, ಮೈಕಿನಲ್ಲೇ. "ಎನಿಡ್, ಸೀಟಿ ಊದು! ಏ, ಊದೇ!"

ಜನ ನಕ್ಕರು. "ನಾಯಿ ಚಹಾ ಕುಡಿಯೋಕೆ ಹೋಯ್ತು ವಿಲ್ಫ್!" ಎಂದು ಯಾರೋ ಕೂಗಿದರು. ಗೋಡೆಯಾಚೆ ಹಳೆಯ ಬಸಿಗಾಲುವೆಯಲ್ಲಿ ಕೆಸರು ಕೆರೆಯುವ ಸದ್ದು ಕೇಳಿಸಿತು. ಆಮೇಲೆ ಫ್ಲಿಂಟ್ ಮತ್ತೆ ಗೋಡೆ ಹತ್ತಿ ಇಳಿದ. ಬಾಯಲ್ಲಿದ್ದದ್ದು ಚೀಲವಲ್ಲ.

ಅವನು ಕಲಿಸಿದಂತೆಯೇ ಬಂದ. ಎನಿಡ್‌ಳ ಎದುರು ಕೂತು ತಲೆ ಎತ್ತಿದ. ಕಂದು ರೆಕ್ಕೆಯೊಂದು ಇಳಿಬಿದ್ದು ಹುಲ್ಲು ತಾಕುತ್ತಿತ್ತು. ತಣ್ಣನೆಯ ಕರಿಜೌಗಿನಲ್ಲಿ ಹೂತಿದ್ದರಿಂದ ಹಕ್ಕಿ ಹೆಚ್ಚು ಕೆಟ್ಟಿರಲಿಲ್ಲ. ಬಾಲದ ಪಟ್ಟೆ, ಬಾಲದ ಬುಡದ ಬಿಳಿ, ಎರಡೂ ಕೆಸರಿನಡಿ ಗುರುತು ಸಿಗುವಂತಿದ್ದವು. ಬೆನ್ನ ಮೇಲಿನ ಗರಿಗಳು ಬೂಟುಗಾಲಲ್ಲಿ ಮೆಟ್ಟಿದಂತೆ ಚಪ್ಪಟೆಯಾಗಿದ್ದವು.

ನಗು ನಿಂತಿತು.

"ಗೂಬೆ ಇರ್ಬೇಕು," ಎಂದ ರೂಬಾರ್ಬ್ ಮುದುಕರಲ್ಲೊಬ್ಬ, ತನ್ನ ಬೂಟು ನೋಡುತ್ತ. ಹುಟ್ಟಿದಾಗಿನಿಂದ ಬೋರೆಯ ಅಂಚಿನಲ್ಲೇ ಬದುಕಿದವನು.

"ಪಾಪ, ಏನೋ ಕಾಯಿಲೆ ಬಂದು ಸತ್ತಿರಬೇಕು," ಎಂದರು ಮಿಸೆಸ್ ಥಾರ್ನ್. "ವಿಲ್ಫ್ರೆಡ್, ಅದನ್ನು ಆಚೆ ಹಾಕಿಬಿಡಿ. ಮಕ್ಕಳಿದ್ದಾರೆ."

ವಿಲ್ಫ್ ಮೈಕು ಹಿಡಿದೇ ಓಡಿ ಬಂದ. ಬಗ್ಗಿ ರೆಕ್ಕೆಗೆ ಕೈ ಹಾಕಿದ. ಫ್ಲಿಂಟ್ ಮುಖ ಪಕ್ಕಕ್ಕೆ ತಿರುಗಿಸಿದ.

"ಕೊಡೋ. ಬಿಡು! ಬಿಡೋ ಮಗನೆ!" ಅವನ ಏದುಸಿರೆಲ್ಲ ಧ್ವನಿವರ್ಧಕದಲ್ಲಿ ಕೇಳುತ್ತಿತ್ತು. ಫ್ಲಿಂಟ್ ಯಜಮಾನನನ್ನು ನೋಡಿ ಬಾಲ ಅಲ್ಲಾಡಿಸಿದ. ಬಾಯಿ ಬಿಡಲಿಲ್ಲ. ಅವನು ಕಾಯುತ್ತಿದ್ದ ಪದ ಯಾವುದೆಂದು ವಿಲ್ಫ್‌ಗೆ ಗೊತ್ತಿತ್ತು. ಪ್ರತಿ ಬೇಟೆಯ ದಿನ ಅದನ್ನೇ ಹೇಳುವವನು. ಈಗ ಊರಿನ ಮುಂದೆ, ಮೈಕಿನ ಮುಂದೆ, ಅದು ಅವನ ಬಾಯಿಂದ ಹೊರಡಲಿಲ್ಲ.

"ಹೇಳು ವಿಲ್ಫ್," ಎಂದಳು ಎನಿಡ್. "ನೀನು ಹೇಳಿದ್ರೆ ಕೊಡ್ತಾನೆ."

"ಎನಿಡ್, ಬೇಡ ಕಣೆ. ಜಾರ್ಜ್ ಮುಖ ನೋಡಿಯಾದ್ರೂ..."

"ಜಾರ್ಜ್ ನಿನಗೆ ಕಲಿಸಿದ ಪದ ಅದು. ಹೇಳೋ!"

ವಿಲ್ಫ್ ಆಗದೆಂದು ತಲೆ ಅಲ್ಲಾಡಿಸಿದ. ಎನಿಡ್ ಎರಡೂ ಕೈ ಒಡ್ಡಿ, ಅವನ ಕೈಯಲ್ಲಿದ್ದ ಮೈಕಿಗೆ ಬಾಯಿ ತಂದಳು.

"ಸತ್ತಿದೆ," ಎಂದಳು.

ಫ್ಲಿಂಟ್ ಹಕ್ಕಿಯನ್ನು ಅವಳ ಅಂಗೈಗೆ ಬಿಟ್ಟ.

"ಕೇಳಿಸ್ತಾ ಎಲ್ಲರಿಗೂ? ಹಾರಿಹೋಗಿಲ್ಲ. ಸತ್ತಿದೆ. ಕಾಲುವೆಯಲ್ಲಿ ಮೆಟ್ಟಿ ಹೂತಿದಾರೆ. ಇದು ಗೂಬೆ ಅಲ್ಲ, ಕಾಯಿಲೆ ಅಲ್ಲ. ಇದು ಸೆಳೆವ, ನಿಮಗೆಲ್ಲರಿಗೂ ಗೊತ್ತು. ನನಗಿಂತ ಮೊದಲೇ ಗೊತ್ತಿತ್ತು!"

ಯಾರೂ ಹತ್ತಿರ ಬರಲಿಲ್ಲ. ಅವಳು ಚಹಾ ಡೇರೆಗೆ ನಡೆದಳು. ಹಿಲ್ಡಾ ಬಿಳುಚಿದ ಮುಖದಲ್ಲಿ ಸ್ಕೋನ್ ಮೇಲೆ ಹೊದಿಸಿದ್ದ ಬಟ್ಟೆಯನ್ನು ತೆಗೆದು ಕೊಟ್ಟಳು. ಎನಿಡ್ ಹಕ್ಕಿಯನ್ನು ಅದರಲ್ಲಿ ಸುತ್ತಿ ಮನೆಗೆ ಹೋಗಿ ಫೋನ್ ಮಾಡಿದಳು.

"ಹೆಣ ಸಿಕ್ಕಿದೆಯಮ್ಮ," ಎಂದಳು. "ಈಗ ಬರ್ತೀಯಾ?"

ಪೇದೆ ಆ ಮಧ್ಯಾಹ್ನವೇ ಬಂದಳು. ಹಕ್ಕಿಯ ಎದೆಯಲ್ಲಿ ಬೆರಳಿಗೆ ತಾಗುವಂತೆ ಕೋವಿಯ ಚರೆಗುಂಡು ಇತ್ತು. ಅಪ್ಪಣೆ ಪಡೆದ ಪಕ್ಷಿತಜ್ಞನೊಬ್ಬ ಜೊತೆಗಿದ್ದ. ಮೂವರೂ ಬೋರೆ ಹತ್ತಿದರು. ಹೆಜ್ಜೆ ಸದ್ದಿಗೆ ಟಿಟ್ಟಿಭ ಹಕ್ಕಿಗಳು ಬೊಬ್ಬೆ ಹಾಕಿ ತಲೆಯ ಮೇಲೆ ಎರಗಿದವು. ಗೂಡು ಹೆದರ್ ನಡುವೆ ನೆಲದ ಮೇಲಿತ್ತು. ಮೂರು ಮರಿಗಳು ಸತ್ತಿದ್ದವು. ದೊಡ್ಡ ಮರಿಯೊಂದು ಒಂದು ಹುಲ್ಲಿಲಿಯನ್ನು ಹೇಗೋ ಅರೆಬರೆ ಹರಿದುಕೊಂಡು, ಇನ್ನೂ ಬಾಯಿ ತೆರೆಯುತ್ತಿತ್ತು. ಸುತ್ತ ಇಲಿಗಳು ಇಡಿಇಡಿಯಾಗಿ ಬಿದ್ದಿದ್ದವು, ಅಪ್ಪ ತಂದು ಹಾಕಿದ್ದು ಹಾಗೆಯೇ. ಊಟದ ರಾಶಿಯ ನಡುವೆ ಮಕ್ಕಳು ಹಸಿದು ಸತ್ತಿದ್ದರು.

ಪೇದೆ ಗೂಡಿನ ಫೋಟೊ ತೆಗೆದುಕೊಂಡಳು. ಇಳಿಯುವಾಗ, "ನಿನ್ನೆ ಫೋನಲ್ಲಿ ನಾನು ಹಾಗನ್ನಬಾರದಿತ್ತು ಮೇಡಂ," ಎಂದಳು.

"ಅನ್ನಬಾರದಿತ್ತು," ಎಂದಳು ಎನಿಡ್. ಸಮಾಧಾನ ಹೇಳಲು ಅವಳಿಗೆ ಮನಸ್ಸಿರಲಿಲ್ಲ.

ಬದುಕಿದ ಮರಿಯನ್ನು ಪಕ್ಷಿತಜ್ಞ ಪೆಟ್ಟಿಗೆಯಲ್ಲಿಟ್ಟುಕೊಂಡು ಹೋದ. ವಿಲ್ಫ್‌ನನ್ನು ವಿಚಾರಣೆಗೆಂದು ಪೇದೆ ತನ್ನ ಕಾರಿನಲ್ಲೇ ಕರೆದೊಯ್ದಳು. ಫ್ಲಿಂಟ್ ಎನಿಡ್‌ಳ ಬಾಗಿಲಲ್ಲಿ ಮಲಗಿದ್ದ.

ಸಂಜೆ ಹಿಲ್ಡಾ ಖಾಲಿ ತಟ್ಟೆಗಳ ಬುಟ್ಟಿ ಹೊತ್ತು ಗೇಟಿಗೆ ಬಂದಳು.

"ಸೋಮವಾರ ಬಂದು ಕಾಣ್ಬೇಕಂತೆ, ಮಿಸೆಸ್ ಥಾರ್ನ್ ಹೇಳಿ ಕಳಿಸಿದ್ರು. ಮನೆ ವಿಷಯ ಅಂತೆ. ಒಂದು ಸಾರಿ ಮನೆ ಬಗ್ಗೆ ಯೋಚ್ನೆ ಮಾಡ್ಬಾರ್ದಾಗಿತ್ತಾ ನೀನು?"

"ಮಾಡ್ದೆ. ಸೀಟಿ ಬಾಯಿಗಿಟ್ಕೊಂಡಾಗ ಅದನ್ನೂ ಯೋಚ್ನೆ ಮಾಡ್ದೆ."

"ಈ ವಯಸ್ಸಲ್ಲಿ ಎಲ್ಲಿಗೆ ಹೋಗ್ತೀಯೇ?"

ಬೋರೆಯ ಮೇಲೆ ಗಂಡು ಸೆಳೆವ ಮತ್ತೆ ಬಂದಿತ್ತು. ಕಾಲಲ್ಲಿ ಇಲಿ. ಖಾಲಿ ಗೂಡಿನ ಮೇಲೆ ಸುತ್ತು ಹಾಕುತ್ತ ಕೂಗುತ್ತಿತ್ತು. ಹಿಲ್ಡಾ ಅತ್ತ ನೋಡದೆ ಬುಟ್ಟಿಯ ಹಿಡಿ ತಿರುವುತ್ತ ನಿಂತಿದ್ದಳು.

"ಎಲ್ಲಿಗೂ ಇಲ್ಲ. ಅವರಾಗಿ ಎಬ್ಬಿಸೋ ತನಕ ಇಲ್ಲೇ," ಎಂದಳು ಎನಿಡ್. "ಎಬ್ಬಿಸಿದ ದಿನ ಯಾರಾದ್ರೂ ನಿನ್ನ ಕೇಳಿದ್ರೆ, ಎನಿಡ್‌ನ ಮನೆಯಿಂದ ಓಡಿಸಿದ್ರು ಅನ್ನು. ಹಾರಿಹೋದ್ಲು ಅಂತ ಮಾತ್ರ ಅಂದೀಯಾ, ಹಿಲ್ಡಾ, ಜೋಕೆ."

ಹಿಲ್ಡಾ ಬುಟ್ಟಿಯನ್ನು ಕೆಳಗಿಟ್ಟಳು. ಆಮೇಲೆ, ಆ ದಿನ ಮೊದಲ ಬಾರಿಗೆ, ತಲೆ ಎತ್ತಿ ಬೋರೆಯ ಕಡೆ ನೋಡಿದಳು.