ಒಂದು ಚಮಚ ಮೊಳಕೆ ಹಿಟ್ಟು

ಮೂವತ್ತೊಂದು ವರ್ಷ ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಫರ್ನೇಸ್ ಮುಂದೆ ನಿಂತು ಬೆವರು ಸುರಿಸಿದವನು ನಾನು, ಭೈರಪ್ಪ. ಬೆಂಕಿಯ ವಿಚಾರದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಅಂತ ಎದೆ ತಟ್ಟಿಕೊಂಡು ಓಡಾಡುತ್ತಿದ್ದೆ. ಆ ಜಂಬ ಇಳಿಸಿದ್ದು ಎರಡು ಸೇರು ರಾಗಿ.

ಮೊಮ್ಮಗಳು ಕವನಳಿಗೆ ಆಗ ಹತ್ತು ತಿಂಗಳು. ತೂಕ ಆರು ಕೆಜಿ ನೂರು ಗ್ರಾಂ, ಎರಡು ತಿಂಗಳಿಂದ ಅಲ್ಲಿಂದ ಅಲ್ಲಾಡಿರಲಿಲ್ಲ. ಶಿವಮೊಗ್ಗದ ಡಾಕ್ಟರ್ ಶರಾವತಿ ಎಲ್ಲ ಪರೀಕ್ಷೆ ಮಾಡಿಸಿ, ಕಾಯಿಲೆ ಏನೂ ಇಲ್ಲ, ಹೊಟ್ಟೆಗೆ ಸಾಲುತ್ತಿಲ್ಲ ಅಷ್ಟೇ ಎಂದರು. ರಾಗಿ ಸರಿಯನ್ನು ಗಟ್ಟಿ ಮಾಡಿದರೆ ಮಗು ಎರಡು ಚಮಚಕ್ಕೆ ಬಾಯಿ ಮುಚ್ಚಿಬಿಡುತ್ತಿತ್ತು. ತೆಳ್ಳಗೆ ಮಾಡಿದರೆ ಕುಡಿಯುತ್ತಿತ್ತು, ಆದರೆ ಹೊಟ್ಟೆಗೆ ಹೋಗುತ್ತಿದ್ದದ್ದು ಬರೀ ನೀರು. ಒಂದು ತಿಂಗಳಲ್ಲಿ ತೂಕ ಏರದಿದ್ದರೆ ಆಸ್ಪತ್ರೆಗೆ ಸೇರಿಸಿ ಮೂಗಿಗೆ ನಳಿಗೆ ಹಾಕಬೇಕಾದೀತು ಎಂದರು ಡಾಕ್ಟರು.

ಒಂದು ದಾರಿಯನ್ನೂ ಅವರೇ ತೋರಿಸಿದರು. ರಾಗಿ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಸ್ವಲ್ಪ ಬೆಚ್ಚಗೆ ಮಾಡಿ ಹಿಟ್ಟು ಮಾಡಿಸಬೇಕು. ಗಟ್ಟಿಯಾಗಿ ಬೇಯಿಸಿದ ಸರಿ ಕೊಂಚ ಆರಿದ ಮೇಲೆ ಆ ಹಿಟ್ಟು ಒಂದು ಚಮಚ ಬೆರೆಸಿದರೆ, ನೀರು ಹಾಕದೆಯೇ ಸರಿ ತೆಳ್ಳಗಾಗುತ್ತದಂತೆ. ಸತ್ವವೆಲ್ಲ ಹಾಗೇ ಉಳಿಯುತ್ತದಂತೆ.

ಸೊಸೆ ಸುಪ್ರಿಯಾ ನ್ಯೂ ಟೌನಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಮಗನಿಗೆ ಮಾಚೇನಹಳ್ಳಿಯಲ್ಲಿ ಶಿಫ್ಟ್ ಕೆಲಸ. ಹಾಗಾಗಿ ರಾಗಿಯ ಉಸ್ತುವಾರಿ ನನಗೂ ನನ್ನ ಹೆಂಡತಿ ಜಲಜಮ್ಮನಿಗೂ ಬಿತ್ತು. ಬಟ್ಟೆಯಲ್ಲಿ ಕಟ್ಟಿಟ್ಟ ರಾಗಿ ಚೆನ್ನಾಗಿಯೇ ಮೊಳೆಯಿತು, ಒಣಗಿತು. ಬಾಣಲೆಗೆ ಹಾಕುವ ಹೊತ್ತಿಗೆ ನಾನು ಸೌಟು ಕಿತ್ತುಕೊಂಡೆ. ಡಾಕ್ಟರಮ್ಮ ಬೆಚ್ಚಗೆ ಮಾಡಿ ಅಂದಿದ್ದಾರೆ, ಹುರಿಯಿರಿ ಅಂದಿಲ್ಲ ಎಂದು ಜಲಜಮ್ಮ ಗೊಣಗಿದಳು. ಬೆಂಕಿ ಕೊಟ್ಟಷ್ಟೂ ಕೆಲಸ ಚುರುಕು, ಇಷ್ಟೂ ಗೊತ್ತಿಲ್ಲದವನು ಅಂದ್ಕೊಂಡಿದ್ದೀಯಾ ನನ್ನ ಎಂದು ಅವಳ ಬಾಯಿ ಮುಚ್ಚಿಸಿ, ಉರಿ ಜೋರು ಮಾಡಿದೆ. ಘಮ ಬೀದಿಗೆಲ್ಲ ಹಬ್ಬಿತು. ನನ್ನ ಮುಖ ನೋಡಬೇಕಿತ್ತು ಆಗ!

ಆ ಹಿಟ್ಟು ಬೆರೆಸಿದರೆ ಸರಿ ಜಪ್ಪಯ್ಯ ಅನ್ನಲಿಲ್ಲ. ಹತ್ತು ನಿಮಿಷ ಕಾದರೂ ಚಮಚ ನೆಟ್ಟಗೆ ನಿಂತಿತ್ತು. ಕವನ ಮುಖ ತಿರುಗಿಸಿ ನನ್ನ ಹೆಗಲಿಗೆ ಒರಗಿದಳು. ಒಂದು ವಾರ ನೀರುಪಾಲು. ನಾನು ಡಾಕ್ಟರನ್ನು ಬಾಯಿಗೆ ಬಂದಂತೆ ಬೈದೆ. ಶಾಲೆಯಿಂದ ಬಂದ ಸುಪ್ರಿಯಾ ಹಿಟ್ಟನ್ನು ಮೂಸಿ ನೋಡಿದಳು.

"ಮಾವ, ಇದನ್ನ ಹುರಿದ್ರಾ?"

"ಹೂಂ. ಚೆನ್ನಾಗಿ ಹುರಿದಿದೀನಿ."

"ಹಾಗಾದ್ರೆ ಇದರಲ್ಲಿ ಈಗ ಕೆಲಸ ಮಾಡೋಕೆ ಯಾರೂ ಉಳಿದಿಲ್ಲ."

ಅವಳು ಕೂತು ಬಿಡಿಸಿ ಹೇಳಿದಳು. ಕಾಳು ಮೊಳೆಯುವಾಗ ತನ್ನ ಹಿಟ್ಟನ್ನು ತಾನೇ ಕರಗಿಸಿ ಉಣ್ಣಲು ಒಂದು ಕಿಣ್ವ ಹುಟ್ಟಿಸಿಕೊಳ್ಳುತ್ತದೆ. ಸರಿಯನ್ನು ಗಟ್ಟಿ ಮಾಡುವುದು ಪಿಷ್ಟದ ಉದ್ದುದ್ದ ಸರಗಳು. ಈ ಕಿಣ್ವ ಆ ಸರಗಳನ್ನು ತುಂಡು ತುಂಡು ಮಾಡುತ್ತದೆ. ಒಂದನ್ನು ಕತ್ತರಿಸಿ ಇನ್ನೊಂದಕ್ಕೆ ಹೋಗುತ್ತದೆ, ತಾನು ಖರ್ಚಾಗುವುದಿಲ್ಲ. ಅದಕ್ಕೇ ಒಂದು ಚಮಚ ಸಾಕು. ತಣ್ಣಗಿದ್ದರೆ ಅದರ ಕೆಲಸ ನಿಧಾನ, ಹದವಾಗಿ ಬಿಸಿಯಿದ್ದರೆ ಚುರುಕು. ಅತಿಯಾದರೆ ಅದರ ಆಕಾರವೇ ಕೆಡುತ್ತದೆ, ಸರವನ್ನು ಹಿಡಿಯಲು ಆಗುವುದಿಲ್ಲ.

ನಾನು ಬಿಡಲಿಲ್ಲ. "ಕಬ್ಬಿಣ ಕರಗಿ ನೀರಾದ್ರೂ ಆರಿದ ಮೇಲೆ ಕಬ್ಬಿಣಾನೇ. ಇದೂ ಆರಿದ ಮೇಲೆ ಸರಿಹೋಗಬೇಕಲ್ಲ?"

"ಬೇಯಿಸಿದ ಮೊಟ್ಟೆ ಆರಿದ ಮೇಲೆ ಹಸಿ ಮೊಟ್ಟೆ ಆಗುತ್ತಾ ಮಾವ?"

ಚಪ್ಪಲಿ ಮೆಟ್ಟಿಕೊಂಡು ಭದ್ರಾ ಸೇತುವೆವರೆಗೆ ನಡೆದೆ. ನಾಚಿಕೆಯಾಗಿತ್ತು, ಸುಳ್ಳು ಯಾಕೆ ಹೇಳಲಿ. ನನ್ನ ಹಟಕ್ಕೆ ಮಗುವಿನ ಏಳು ದಿನ ಹೋಗಿತ್ತು. ವಾಪಸ್ಸು ಬರುವಾಗ ಅಂಗಡಿಯಿಂದ ಮತ್ತೆ ಎರಡು ಸೇರು ರಾಗಿ ತಂದು ಆವತ್ತೇ ನೆನೆಹಾಕಿದೆ.

ಈ ಸಲ ಬಿಸಿಲಲ್ಲೇ ಗರಿಗರಿ ಒಣಗಿಸಿ, ಬಾಣಲೆಯನ್ನು ಸಣ್ಣ ಉರಿಯಲ್ಲಿಟ್ಟು, ಕಾಳು ಅಂಗೈಗೆ ಬೆಚ್ಚಗೆನಿಸಿದ ಕೂಡಲೇ ಇಳಿಸಿದೆ. ಘಮ ಬರಲೇ ಇಲ್ಲ, ನನ್ನ ಜೀವ ತಡೆಯಲಿಲ್ಲ, ಆದರೂ ಇಳಿಸಿದೆ. ಜಲಜಮ್ಮ ಸೆರಗು ಅಡ್ಡ ಹಿಡಿದು ನಕ್ಕಳು. ಸರಿ ಬೆಂದ ಮೇಲೆ ಪಾತ್ರೆ ಕೆಳಗಿಟ್ಟು, ಹೊರಮೈಗೆ ಬೆರಳು ಮುಟ್ಟಿಸುತ್ತ ಕೂತೆ. ಬೆರಳು ಒಂದು ಕ್ಷಣ ತಡೆಯಬೇಕು, ಮರುಕ್ಷಣ ಹಿಂದಕ್ಕೆ ಬರಬೇಕು. ಆ ಹದಕ್ಕೆ ಬಂದಾಗ, ಹಿಟ್ಟು ಹಾಕು ಎಂದು ಸೊಸೆಗೆ ಹೇಳಿದೆ.

ಅವಳು ಒಂದು ಚಮಚ ಹಾಕಿ ತಿರುಗಿಸಿದಳು. ಮೊದಲು ಅಂಚು ಸಡಿಲಾಯಿತು, ಆಮೇಲೆ ಚಮಚ ವಾಲಿತು. ಐದಾರು ನಿಮಿಷದಲ್ಲಿ, ಒಂದು ತೊಟ್ಟು ನೀರು ಹಾಕದೆ, ಆ ಮುದ್ದೆಯಂಥ ಸರಿ ಮಜ್ಜಿಗೆ ಹುಳಿಯ ಹಾಗೆ ಸುರಿಯಿತು. ಅಬ್ಬಬ್ಬಾ! ಮೂವತ್ತೊಂದು ವರ್ಷ ಕಬ್ಬಿಣ ಕರಗಿ ಹರಿಯುವುದನ್ನು ನೋಡಿದ್ದೇನೆ, ಯಾವತ್ತೂ ಹೀಗೆ ಕುಣಿಯಬೇಕು ಅನಿಸಿರಲಿಲ್ಲ. ಇನ್ನೊಂದು ಕುದಿ ಬರಿಸಿ, ಆರಿಸಿ ಕೊಟ್ಟರೆ ಕವನ ಇಡೀ ಬಟ್ಟಲು ಖಾಲಿ ಮಾಡಿದಳು. ಜಲಜಮ್ಮ ಅತ್ತೇಬಿಟ್ಟಳು.

ಅಲ್ಲಿಂದ ಹದಿನೈದು ದಿನ ಮೂರು ಹೊತ್ತೂ ಒಲೆ ಮುಂದೆ ನಾನೇ. ಗಡುವಿನ ದಿನ ಎಲ್ಲರೂ ಶಿವಮೊಗ್ಗಕ್ಕೆ ಹೋದೆವು. ಡಾಕ್ಟರು ಕವನಳನ್ನು ತೂಕದ ಯಂತ್ರದ ಮೇಲೆ ಮಲಗಿಸಿದರು. ಆರು ಕೆಜಿ ಐನೂರ ಐವತ್ತು. ಅವರು ಇನ್ನೊಂದು ಸಲ ತೂಗಿದರು, ಅಷ್ಟೇ ಬಂತು. ಅಡ್ಮಿಟ್ ಬೇಡ, ನಳಿಗೆ ಬೇಡ, ಇದನ್ನೇ ಮುಂದುವರಿಸಿ ಎಂದರು. ನಾನು ಅವರಿಗೆ ಕೈಮುಗಿದು, ಬೈದದ್ದನ್ನೂ ಒಪ್ಪಿಕೊಂಡೆ. ಅವರು ನಕ್ಕರು.

ಹೊರಗೆ ಜನ ತುಂಬಿದ್ದ ಹಾಲ್‌ಗೆ ಬರುತ್ತಲೇ ಕವನ ಗಂಟಲು ಹರಿಯುವ ಹಾಗೆ ಅಳತೊಡಗಿದಳು. ಸುಪ್ರಿಯಾ ಮುಜುಗರದಿಂದ ಸಮಾಧಾನ ಮಾಡಲು ನೋಡಿದಳು. ಮಗುವಿಗೆ ಏನಾಯ್ತು ಎಂದು ಬೆಂಚಿನಲ್ಲಿದ್ದ ಮುದುಕಿಯೊಬ್ಬಳು ಕೇಳಿದಳು.

"ಏನಿಲ್ಲ ಕಣಮ್ಮ, ಹಸಿವು," ಎಂದೆ ಎಲ್ಲರಿಗೂ ಕೇಳುವ ಹಾಗೆ. "ನಮ್ಮ ಮಗೂಗೆ ಹಸಿವಾಗಿದೆ!"